ಬೆಂಗಳೂರಿನ ರಾತ್ರಿಯ ಸೂಪರ್‌ಹೀರೋ

ಬೆಂಗಳೂರಿನಲ್ಲೇ ನಡೆಯುವ, ಭರ್ಜರಿ ಗೆದ್ದ ಸೂಪರ್‌ಹೀರೋ ಸಿನಿಮಾ ಯಾವುದು ಅಂತ ಯಾರಾದರೂ ಕೇಳಿದರೆ ಈಗ ಒಂದು ಉತ್ತರ ಇದೆ. ‘ಲೋಕಾ ಚಾಪ್ಟರ್ 1: ಚಂದ್ರ’. ಭಾಷೆ ಮಲಯಾಳಂ. ಹೀರೋ ಒಬ್ಬ ಹುಡುಗಿ. ವಿಲನ್ ನಮ್ಮ ಬೆಂಗಳೂರಿನ ಪೊಲೀಸ್ ಇನ್‌ಸ್ಪೆಕ್ಟರ್, ಹೆಸರು ನಾಚಿಯಪ್ಪ ಗೌಡ. ನಾಚಪ್ಪ ಅಂದ್ರೆ ಕೊಡಗು ನೆನಪಾಗುತ್ತೆ, ನಾಚಿಯಪ್ಪ ಅಂದ್ರೆ ತಮಿಳು ಕಡೆಯವರು ಅನಿಸುತ್ತೆ, ಅದರ ಮುಂದೆ ಗೌಡ ಸೇರಿಸಿದ್ದಾರೆ. ಹೆಸರಿಡುವಾಗ ಕನ್ನಡದವರನ್ನು ಒಬ್ಬರನ್ನಾದರೂ ಕೇಳಬಹುದಿತ್ತು. ಇರಲಿ, ನಾನು ಬರೆಯೋಕೆ ಹೊರಟಿದ್ದು ಹೆಸರಿನ ಬಗ್ಗೆ ಅಲ್ಲ. ಆ ಪಾತ್ರ ಆಡಿದ ಒಂದು ಮಾತಿನ ಬಗ್ಗೆ. ಆ ಮಾತಿನಿಂದ ನಮ್ಮ ರಾಜ್ಯದಲ್ಲಿ ಗಲಾಟೆ ಆಯಿತು, ನಿರ್ಮಾಪಕರು ಕ್ಷಮೆ ಕೇಳಿದರು, ಮಾತನ್ನು ಸಿನಿಮಾದಿಂದ ತೆಗೀತೀವಿ ಅಂದರು. ಆದರೆ ಅದೇ ಮಾತನ್ನು ನಾನು ನಮ್ಮ ಮನೆಯ ಕಟ್ಟೆ ಮೇಲೆ, ಮದುವೆ ಮಾತುಕತೆಗಳಲ್ಲಿ, ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಇವತ್ತಿಗೂ ಕೇಳ್ತಾ ಇದ್ದೀನಿ.

ಮೊದಲು ಸಿನಿಮಾ. ನೋಡದವರಿಗೆ ಸ್ವಲ್ಪ ಕಥೆ ಬಿಟ್ಟುಕೊಡ್ತೀನಿ, ಬೇಜಾರು ಮಾಡ್ಕೋಬೇಡಿ.

2025ರ ಆಗಸ್ಟ್ 28ರಂದು, ಓಣಂ ಹಬ್ಬಕ್ಕೆ, ಇದು ತೆರೆಗೆ ಬಂತು. ಅದೇ ದಿನ ಮೋಹನ್‌ಲಾಲ್ ಅವರ ‘ಹೃದಯಪೂರ್ವಂ’ ಕೂಡ ಬಿಡುಗಡೆ. ಅಂದರೆ ಕೇರಳದ ಅತಿ ದೊಡ್ಡ ಸ್ಟಾರ್ ಒಬ್ಬರ ಎದುರು, ಹುಡುಗಿಯೊಬ್ಬಳು ಮುಖ್ಯ ಪಾತ್ರದಲ್ಲಿರುವ, ಹಾರುವ ಹೊಡೆಯುವ ಸಿನಿಮಾ. ನಿರ್ಮಾಣ ದುಲ್ಕರ್ ಸಲ್ಮಾನ್ ಅವರ ವೇಫೇರರ್ ಫಿಲ್ಮ್ಸ್. ನಿರ್ದೇಶಕ ಡೊಮಿನಿಕ್ ಅರುಣ್, ಅದಕ್ಕೂ ಮೊದಲು 2017ರಲ್ಲಿ ‘ತರಂಗಂ’ ಅನ್ನೋ ಸಿನಿಮಾ ಮಾಡಿದ್ದವರು. ಚಂದ್ರ ಪಾತ್ರದಲ್ಲಿ ಕಲ್ಯಾಣಿ ಪ್ರಿಯದರ್ಶನ್, ಎದುರು ಫ್ಲ್ಯಾಟಿನ ಕೆಲಸವಿಲ್ಲದ ಹುಡುಗ ಸನ್ನಿಯಾಗಿ ನಸ್ಲೆನ್, ಇನ್‌ಸ್ಪೆಕ್ಟರ್ ಆಗಿ ತಮಿಳಿನ ಡ್ಯಾನ್ಸ್ ಮಾಸ್ಟರ್ ಸ್ಯಾಂಡಿ. ಮೊದಲ ವಾರದಲ್ಲೇ ಗಳಿಕೆ 100 ಕೋಟಿ ದಾಟಿತು. ಕೊನೆಗೆ ಪ್ರಪಂಚದಾದ್ಯಂತ 300 ಕೋಟಿ ದಾಟಿದ ಮೊದಲ ಮಲಯಾಳಂ ಸಿನಿಮಾ ಅನ್ನಿಸಿಕೊಂಡಿತು. ಅಲ್ಲಿಯವರೆಗೆ ದಾಖಲೆ ಇದ್ದದ್ದು ಅದೇ ವರ್ಷ ಬಂದ ಮೋಹನ್‌ಲಾಲ್ ಅವರ ‘ಎಂಪುರಾನ್’ ಹೆಸರಿನಲ್ಲಿ.

ಖರ್ಚು? ವರದಿಗಳ ಪ್ರಕಾರ ಸುಮಾರು 30 ಕೋಟಿ.

ಈ ಅಂಕಿ ನೋಡಿ ನನ್ನೊಳಗಿನ ಎಂಜಿನಿಯರ್ ಎದ್ದು ಕೂತ. ‘ಅವೆಂಜರ್ಸ್: ಎಂಡ್‌ಗೇಮ್’ಗೆ ಆದ ಖರ್ಚು ಸುಮಾರು 356 ಮಿಲಿಯನ್ ಡಾಲರ್ ಅಂತ ವರದಿ. 2019ರ ಡಾಲರ್ ದರದಲ್ಲಿ ಹತ್ತಿರ ಹತ್ತಿರ 2500 ಕೋಟಿ ರೂಪಾಯಿ. ಆ ದುಡ್ಡಿನಲ್ಲಿ ‘ಲೋಕಾ’ದಂಥ ಎಂಬತ್ತು ಸಿನಿಮಾ ಮಾಡಬಹುದು. ಹಾಗಾದರೆ ಇವರು ಎಲ್ಲಿ ಉಳಿಸಿದರು?

ಗಮನ ಇಟ್ಟು ಎರಡನೇ ಸಲ ನೋಡಿದರೆ ಗೊತ್ತಾಗುತ್ತೆ. ಅರ್ಧ ಸಿನಿಮಾ ಎರಡು ಫ್ಲ್ಯಾಟು, ಒಂದು ಕೆಫೆ, ಒಂದಿಷ್ಟು ರಸ್ತೆಗಳಲ್ಲಿ ಮುಗಿಯುತ್ತೆ. ಮೊದಲರ್ಧ ಗಂಟೆ ಸೂಪರ್‌ಹೀರೋ ಸಿನಿಮಾಗಿಂತ ಹೆಚ್ಚಾಗಿ ಎದುರುಮನೆ ಹುಡುಗಿಯನ್ನು ಕಿಟಕಿಯಿಂದ ನೋಡುವ ಮೂವರು ಬ್ಯಾಚುಲರ್‌ಗಳ ಕಾಮಿಡಿ. ಹೆಚ್ಚಿನ ಕಥೆ ರಾತ್ರಿಯೇ ನಡೆಯುತ್ತೆ. ಗ್ರಾಫಿಕ್ಸ್ ಕೆಲಸದ ಪರಿಚಯ ಇದ್ದವರಿಗೆ ಇದರ ಲಾಭ ಗೊತ್ತು. ಹಗಲಿನ ಬಿಸಿಲಿನಲ್ಲಿ ಒಬ್ಬಳನ್ನು ಗಾಳಿಯಲ್ಲಿ ಹಾರಿಸಿದರೆ ಬಟ್ಟೆಯ ಅಂಚು, ಕೂದಲು, ನೆರಳು ಎಲ್ಲವೂ ಸರಿ ಕೂರಬೇಕು, ಒಂದು ತಪ್ಪಿದರೂ ಕಣ್ಣು ಹಿಡಿದುಬಿಡುತ್ತೆ. ಕತ್ತಲೆಯಲ್ಲಿ ಅರ್ಧ ತಪ್ಪು ಮುಚ್ಚಿಹೋಗುತ್ತೆ. ಛಾಯಾಗ್ರಾಹಕ ನಿಮಿಷ್ ರವಿ ಆ ಕತ್ತಲೆಗೆ ಕೆಂಪು ನೀಲಿ ಬೆಳಕು ಹಚ್ಚಿ ಅದನ್ನೇ ಸಿನಿಮಾದ ಅಂದ ಮಾಡಿಬಿಟ್ಟಿದ್ದಾರೆ. ಹೊಡೆದಾಟ ಮಾಡಿಸಿದ್ದು ಯಾನಿಕ್ ಬೆನ್. ಕಲ್ಯಾಣಿ ತಿಂಗಳುಗಟ್ಟಲೆ ತರಬೇತಿ ತಗೊಂಡಿದ್ದಾರೆ, ಹಾಗಾಗಿ ಕಂಪ್ಯೂಟರ್ ಮಾಡಬೇಕಾದ ಕೆಲಸದಲ್ಲಿ ಒಂದು ಪಾಲು ಮೈಕೈಯೇ ಮಾಡಿದೆ. ಸಣ್ಣ ಬಜೆಟ್ಟಿನ ಪ್ರಾಜೆಕ್ಟ್ ಮಾಡಿದ ಯಾರಿಗೂ ಇದು ಅರ್ಥವಾಗುತ್ತೆ: ಏನು ಮಾಡಬಾರದು ಅನ್ನೋದನ್ನ ಮೊದಲ ದಿನವೇ ತೀರ್ಮಾನ ಮಾಡಿಕೊಂಡಿದ್ದಾರೆ.

ಆದರೆ ಬರೀ ಬಜೆಟ್ ಜಾಣತನದಿಂದ 300 ಕೋಟಿ ಬರಲ್ಲ. ಸಿನಿಮಾದ ನಿಜವಾದ ಬಂಡವಾಳ ಇರೋದು ಆ ಹುಡುಗಿ ಯಾರು ಅನ್ನೋದರಲ್ಲಿ.

ಚಂದ್ರ ಬೆಂಗಳೂರಿಗೆ ಬಂದು ಒಂದು ಕೆಫೆಯಲ್ಲಿ ನೈಟ್ ಶಿಫ್ಟ್ ಮಾಡುತ್ತಾಳೆ. ಹಗಲು ಹೊರಗೆ ಬರಲ್ಲ. ಫ್ರಿಜ್ಜಿನಲ್ಲಿ ರಕ್ತದ ಪೊಟ್ಟಣ. ಅವಳು ನೀಲಿ. ಕೇರಳದ ಮಕ್ಕಳನ್ನು ಹೆದರಿಸಿ ಮಲಗಿಸುವ ಕಳ್ಳಿಯಂಕಾಟ್ಟು ನೀಲಿ ಅನ್ನುವ ಯಕ್ಷಿ. ಕೇರಳದ ಯಕ್ಷಿ ಕಥೆಗಳ ಮಾದರಿ ಒಂದೇ: ಬಿಳಿ ಸೀರೆ, ಬಿಚ್ಚಿದ ಕೂದಲು, ರಾತ್ರಿ ಹೊತ್ತು ದಾರಿಹೋಕ ಗಂಡಸನ್ನು ನಿಲ್ಲಿಸಿ ಎಲೆಯಡಿಕೆಗೆ ಸುಣ್ಣ ಕೇಳುತ್ತಾಳೆ. ಕೊಟ್ಟವನ ಎಲುಬು ಬೆಳಗ್ಗೆ ಮರದ ಬುಡದಲ್ಲಿ ಸಿಗುತ್ತೆ. ಇಂಥ ಕಥೆಗಳನ್ನೆಲ್ಲ ಕೊಟ್ಟಾರತ್ತಿಲ್ ಶಂಕುಣ್ಣಿ ಅವರು ‘ಐತಿಹ್ಯಮಾಲ’ ಅನ್ನುವ ಸಂಪುಟಗಳಲ್ಲಿ ಒಟ್ಟುಮಾಡಿದ್ದಾರೆ, ಮೊದಲ ಸಂಪುಟ 1909ರದ್ದು. ದಂತಕಥೆಯಲ್ಲಿ ಕಡಮಟ್ಟತ್ತು ಕತ್ತನಾರ್ ಅನ್ನುವ ಮಂತ್ರವಾದಿ ಪಾದ್ರಿ ನೀಲಿಯನ್ನು ಹಿಡಿದು ಹಾಕುತ್ತಾನೆ, ಅಲ್ಲಿಗೆ ಊರಿಗೆ ನೆಮ್ಮದಿ.

ನಿರ್ದೇಶಕರ ಜೊತೆ ಚಿತ್ರಕಥೆಯಲ್ಲಿ ಕೂತ ಶಾಂತಿ ಬಾಲಚಂದ್ರನ್ ನಟಿ ಕೂಡ ಹೌದು. ಅವರ ಕೈ ಎಲ್ಲೆಲ್ಲಿ ಆಡಿದೆ ಅಂತ ಹೊರಗಿನವರಿಗೆ ಹೇಳೋಕಾಗಲ್ಲ. ಆದರೆ ಕಥೆಯನ್ನು ತಿರುಗಿಸಿರೋದು ಕಣ್ಣಿಗೆ ಕಾಣುತ್ತೆ. ಇಲ್ಲಿ ನೀಲಿ ಕಾಡಿನ ಜನರ ಹುಡುಗಿ. ಗುಡಿಗೆ ಕಾಲಿಟ್ಟ ಕಾರಣಕ್ಕೆ ಅರಸನ ಕಡೆಯವರು ಅವಳ ಜನರನ್ನು ಕೊಲ್ಲುತ್ತಾರೆ. ಅವಳಿಗೆ ಶಕ್ತಿ ಬರೋದು ಅಲ್ಲಿಂದ. ಪಾದ್ರಿ ಅವಳಿಗೆ ಮೊಳೆ ಹೊಡೆಯುವುದಿಲ್ಲ, ಜೊತೆಗಾರನಾಗುತ್ತಾನೆ. ಅಂದರೆ ನೂರಾರು ವರ್ಷ ‘ರಾತ್ರಿ ಒಬ್ಬಳೇ ಓಡಾಡುವ ಹೆಂಗಸು ಅಂದರೆ ಅಪಾಯ’ ಅಂತ ಹೇಳಿಕೊಂಡು ಬಂದ ಕಥೆಯನ್ನು, ‘ಅವಳಿಗೆ ಏನಾಗಿತ್ತು ಅಂತ ಯಾರಾದರೂ ಕೇಳಿದಿರಾ?’ ಅಂತ ಮಾಡಿದ್ದಾರೆ. ಆಮೇಲೆ ಅವಳನ್ನು ನೇರ ತಂದು ಬೆಂಗಳೂರಿನ ರಾತ್ರಿಗೆ ಬಿಟ್ಟಿದ್ದಾರೆ.

ಬೆಂಗಳೂರೇ ಯಾಕೆ? ನನಗನಿಸೋದು, ದಕ್ಷಿಣದ ಹುಡುಗಿಯರು ಮನೆ ಬಿಟ್ಟು, ಒಬ್ಬರೇ ಇದ್ದು, ರಾತ್ರಿ ಕೆಲಸ ಮಾಡಿ ಬದುಕೋದಕ್ಕೆ ಹೋಗುವ ಊರು ಅಂದರೆ ಮೊದಲು ನೆನಪಾಗೋದು ಇದೇ. ಅಂದಹಾಗೆ ಇದಕ್ಕೆ ಕಾನೂನಿನ ಕಥೆಯೂ ಇದೆ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಹೆಂಗಸರು ರಾತ್ರಿ ಕೆಲಸ ಮಾಡುವಂತಿರಲಿಲ್ಲ. ಐಟಿ, ಕಾಲ್ ಸೆಂಟರ್‌ಗಳಿಗೆ ವಿನಾಯಿತಿ ಸಿಕ್ಕಿತು. ಉಳಿದ ಅಂಗಡಿ, ಕಚೇರಿಗಳಿಗೆ ಬಾಗಿಲು ತೆರೆದದ್ದು 2020ರ ತಿದ್ದುಪಡಿ, ಅದೂ ಹೆಂಗಸು ಒಪ್ಪಿಗೆ ಬರೆದುಕೊಡಬೇಕು, ಮನೆಗೆ ಬಿಡುವ ವ್ಯವಸ್ಥೆ ಇರಬೇಕು ಅನ್ನೋ ಷರತ್ತುಗಳ ಜೊತೆ. ಹಾಗಾಗಿ ಚಂದ್ರ ಆ ಕೆಫೆಯ ಕೆಲಸಕ್ಕೆ ಹತ್ತು ವರ್ಷ ಮೊದಲು ಬಂದಿದ್ದರೆ, ಯಕ್ಷಿ ಅನ್ನೋದಕ್ಕಿಂತ ಮೊದಲು ಹೆಂಗಸು ಅನ್ನೋದೇ ಅಡ್ಡಿಯಾಗುತ್ತಿತ್ತು.

ಈಗ ಆ ಮಾತಿಗೆ ಬರ್ತೀನಿ.

ಇನ್‌ಸ್ಪೆಕ್ಟರ್ ಪಾತ್ರಕ್ಕೆ ಹೆಂಗಸರನ್ನು ಕಂಡರೆ ಆಗಲ್ಲ. ಒಂದು ಕಡೆ ಅವನು, ಈ ಊರಿನ ಹುಡುಗಿಯರನ್ನು ಮದುವೆಯಾಗಲ್ಲ ಅಂತ ಹೇಳಿ, ಅವರ ನಡತೆಯ ಬಗ್ಗೆ ಹಗುರವಾಗಿ ಒಂದು ಪದ ಬಳಸುತ್ತಾನೆ. ಸಿನಿಮಾ ಓಡೋಕೆ ಶುರುವಾದ ನಾಲ್ಕೈದು ದಿನದಲ್ಲಿ ಇದು ಇಲ್ಲಿ ದೊಡ್ಡದಾಯಿತು. ಬೆಂಗಳೂರನ್ನು ಡ್ರಗ್ಸು, ಪಾರ್ಟಿ, ಕ್ರೈಮಿನ ಊರು ಅಂತ ತೋರಿಸುತ್ತಾರೆ, ಸಾಲದ್ದಕ್ಕೆ ನಮ್ಮ ಹೆಣ್ಣುಮಕ್ಕಳಿಗೆ ಹೀಗನ್ನುತ್ತಾರೆ ಅಂತ ಸಿಟ್ಟು. ಸೆಪ್ಟೆಂಬರ್ 2ರಂದು ವೇಫೇರರ್ ಫಿಲ್ಮ್ಸ್ ಒಂದು ಹೇಳಿಕೆ ಕೊಟ್ಟಿತು: ಪಾತ್ರವೊಂದರ ಮಾತಿನಿಂದ ಕರ್ನಾಟಕದ ಜನರ ಭಾವನೆಗೆ ನಮಗೇ ಗೊತ್ತಿಲ್ಲದೆ ನೋವಾಗಿದೆ, ವಿಷಾದಿಸುತ್ತೇವೆ, ಆದಷ್ಟು ಬೇಗ ಆ ಮಾತನ್ನು ತೆಗೆಯುತ್ತೇವೆ ಅನ್ನೋ ಅರ್ಥದ್ದು. ಗಲಾಟೆ ಅಲ್ಲಿಗೆ ತಣ್ಣಗಾಯಿತು. ಸಿನಿಮಾ ಓಡಿತು.

ಸಿಟ್ಟು ಬಂದವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಊರಿನ ಕಥೆ ಹೇಳುತ್ತಾ, ನಮ್ಮ ಭಾಷೆ ಆಡುವ ದೊಡ್ಡ ಪಾತ್ರ ಒಂದೇ ಒಂದು ಇಟ್ಟು, ಅದನ್ನೂ ಕೆಟ್ಟವನನ್ನಾಗಿ ಮಾಡಿದರೆ ಚುಚ್ಚುತ್ತೆ. ಈ ಚುಚ್ಚು ನನಗೆ ಎರಡು ಪಟ್ಟು ಗೊತ್ತು, ಯಾಕಂದ್ರೆ ನಾನು ಭಾಲ್ಕಿ ತಾಲ್ಲೂಕಿನ ಮೆಹಕರದವನು. ನಮ್ಮೂರಿನಿಂದ ಮಹಾರಾಷ್ಟ್ರ ಹತ್ತಿರ, ಬೆಂಗಳೂರು ಸುಮಾರು 700 ಕಿಲೋಮೀಟರ್. ಬೆಂಗಳೂರಿನಲ್ಲಿ ಮೊದಲ ಸಲ ಮನೆ ಬಾಡಿಗೆಗೆ ಕೇಳಿದಾಗ ಮಾಲೀಕರು ನನ್ನ ಕನ್ನಡ ಕೇಳಿ ‘ನೀವು ಕನ್ನಡದವರಾ?’ ಅಂದಿದ್ದರು. ಕನ್ನಡದಲ್ಲೇ ಕೇಳಿದ್ದರು, ಕನ್ನಡದಲ್ಲೇ ಉತ್ತರ ಕೊಡುತ್ತಿದ್ದೆ. ನಮ್ಮ ಕಡಿ ‘ಹೋಗ್ಲತ್ತೀನಿ, ಬರ್ಲತ್ತೀನಿ’ ಅನ್ನೋ ಕನ್ನಡ ಕನ್ನಡ ಸಿನಿಮಾದಲ್ಲಿ ಬಂದರೆ ಥಿಯೇಟರಿನಲ್ಲಿ ನಗು ಬರಲೇಬೇಕು ಅಂತ ಲೆಕ್ಕ. ಅದಕ್ಕೆ ಯಾರೂ ಹೇಳಿಕೆ ಕೊಟ್ಟು ವಿಷಾದಿಸಿದ್ದು ನಾನು ನೋಡಿಲ್ಲ. ಇದು ಪಕ್ಕದ ಮಾತು, ಆದರೂ ಹೇಳಬೇಕು ಅನಿಸಿತು.

ನನ್ನ ತಕರಾರು ಬೇರೆ. ಆ ಮಾತು ಕರ್ನಾಟಕಕ್ಕೆ ಆದ ಅವಮಾನ ಅಂತ ಲೆಕ್ಕ ಹಾಕಿದೆವು. ಅದು ನಿಜವಾಗಿ ಯಾರ ಬಗ್ಗೆ ಇತ್ತು? ‘ಈ ಊರಿನ ಹುಡುಗಿಯರು’ ಅಂದರೆ ಯಾರು? ನನ್ನ ಟೀಮಿನಲ್ಲಿ ಕೂತ ಕೊಟ್ಟಾಯಂನವಳು, ರಾಯಚೂರಿನವಳು, ಕುಂದಾಪುರದವಳು, ಗುಂಟೂರಿನವಳು. ಮತ್ತೆ ನನ್ನ ತಂಗಿ.

ತಂಗಿ ನನಗಿಂತ ಮೂರು ವರ್ಷ ಚಿಕ್ಕವಳು. ಬೀದರಿನಲ್ಲಿ ಡಿಗ್ರಿ ಮುಗಿಸಿ ಬಂದವಳು ಈಗ ಬೆಂಗಳೂರಿನಲ್ಲಿ ಅಮೆರಿಕದ ಕ್ಲೈಂಟ್ ಒಬ್ಬರ ಸಪೋರ್ಟ್ ಟೀಮಿನಲ್ಲಿ ಇದ್ದಾಳೆ. ಸಂಜೆ ಆರೂವರೆಗೆ ಕ್ಯಾಬ್ ಬರುತ್ತೆ, ಬೆಳಗಿನ ಜಾವ ನಾಲ್ಕಕ್ಕೆ ವಾಪಸ್ ಬಿಡುತ್ತೆ. ಪಿಜಿಯಲ್ಲಿ ಮಧ್ಯಾಹ್ನದವರೆಗೆ ಮಲಗುತ್ತಾಳೆ, ಕಿಟಕಿಗೆ ಕಪ್ಪು ಬಟ್ಟೆ. ‘ಲೋಕಾ’ ನೋಡಿದ ಮೇಲೆ ಅವಳಿಗೆ ನಾನು ಯಕ್ಷಿ ಅಂತಲೇ ಕರೆಯೋದು. ರಕ್ತದ ಪೊಟ್ಟಣದ ಬದಲು ಮಜ್ಜಿಗೆ ಪೊಟ್ಟಣ.

ಅವಳ ಮದುವೆ ಮಾತುಕತೆ ಎರಡು ವರ್ಷದಿಂದ ನಡೀತಾ ಇದೆ. ನಮ್ಮ ಕಡೆ ಈಗ ಎಲ್ಲ ಬಯೋಡಾಟಾದಲ್ಲೇ. ಪಿಡಿಎಫ್ ಮಾಡಿ, ಮೇಲೆ ದೇವರ ಫೋಟೋ ಹಾಕಿ, ವಾಟ್ಸ್ಆ್ಯಪ್‌ನಲ್ಲಿ ಭಾಲ್ಕಿ, ಔರಾದ, ಬಸವಕಲ್ಯಾಣ, ಆಚೆ ಉದಗೀರದವರೆಗೆ ಓಡಾಡುತ್ತೆ. ಮೊದಲ ಬಯೋಡಾಟಾ ನಾನೇ ಟೈಪ್ ಮಾಡಿದ್ದೆ. ಕೆಲಸದ ಕಾಲಂನಲ್ಲಿ ಕಂಪನಿ, ಹುದ್ದೆ, ಶಿಫ್ಟ್ ಎಲ್ಲ ಹಾಕಿದ್ದೆ. ಕಾಕಾ ಓದಿ ಫೋನ್ ಮಾಡಿದರು.

‘ತಮ್ಮಾ, ನೈಟ್ ಶಿಫ್ಟ್ ಅಂತ ಯಾಕ ಬರ್ದೀದಿ? ಅದ ತಗದ ಹಾಕು.’

‘ಖರೇನೇ ಅದ ಅಲ ಕಾಕಾ.’

‘ಖರೇ ಅದ, ನನಗ ಗೊತ್ತದ. ಮಂದೀಗಿ ಗೊತ್ತಿಲ್ಲಲ. ಬೆಂಗಳೂರಾಗಿನ ಪೋರಿ ಅಂದ್ರನೇ ಏನೇನರ ಅಂತಾರ, ಮ್ಯಾಲ ರಾತ್ರಿ ಡ್ಯೂಟಿ ಅಂದ್ರ ಮುಗೀತು.’

ಕಾಕಾ ಕೆಟ್ಟವರಲ್ಲ. ತಂಗಿಯ ಫೀಸಿಗೆ ಒಂದು ವರ್ಷ ಸೋಯಾ ಮಾರಿದ ದುಡ್ಡು ಕೊಟ್ಟವರು ಅವರೇ. ಅವರು ಹೇಳಿದ್ದು ಮಾರುಕಟ್ಟೆಯ ರೇಟು, ಅವರ ಸ್ವಂತ ಅಭಿಪ್ರಾಯ ಅಲ್ಲ ಅಂತ ಅವರು ನಂಬಿದ್ದಾರೆ. ಆದರೆ ಎಲ್ಲರೂ ಹೀಗೆ ‘ನಾನಲ್ಲ, ಮಂದಿ ಅಂತಾರ’ ಅಂದುಕೊಂಡೇ ಆ ರೇಟು ನಿಂತಿರೋದು.

ಮಂದಿ ಅಂದದ್ದೂ ಉಂಟು. ಒಂದು ಮನೆಯವರು ಎಲ್ಲ ಒಪ್ಪಿಗೆ ಅಂದು, ಕೊನೆಗೆ ‘ಹುಡುಗಿ ಬೆಂಗಳೂರಾಗ ಒಬ್ಬಾಕಿನೇ ಇರ್ತಾಳಾ? ಎಷ್ಟು ವರ್ಷ ಆಯ್ತು?’ ಅಂತ ಕೇಳಿ ಸುಮ್ಮನಾದರು. ಅವರ ಹುಡುಗನೂ ಬೆಂಗಳೂರಿನಲ್ಲೇ ಇರೋದು. ಅವನೂ ಒಬ್ಬನೇ, ಅವನದೂ ಐಟಿ, ಅವನೂ ಅಮೆರಿಕದ ಕ್ಲೈಂಟಿಗೆ ರಾತ್ರಿ ಕಾಲ್ ಮಾಡುವವನು. ಅವನ ಬಯೋಡಾಟಾದಲ್ಲಿ ‘ಬೆಂಗಳೂರು’ ಅನ್ನೋದು ದಪ್ಪ ಅಕ್ಷರದಲ್ಲಿತ್ತು. ಒಂದೇ ಊರು, ಒಂದೇ ಪಾಳಿ. ಗಂಡಿಗೆ ಅದು ಪ್ರಮೋಷನ್, ಹೆಣ್ಣಿಗೆ ಅದು ಕಲೆ. ನಾಚಿಯಪ್ಪ ಗೌಡ ಇದನ್ನೇ ಇನ್ನಷ್ಟು ಕೆಟ್ಟ ಪದದಲ್ಲಿ ಹೇಳಿದ. ಅವನು ವಿಲನ್ ಅಂತ ಸಿನಿಮಾದವರಿಗೆ ಗೊತ್ತಿತ್ತು, ಅದಕ್ಕೇ ಅವನ ಬಾಯಲ್ಲಿ ಇಟ್ಟರು. ಕಟ್ಟೆ ಮೇಲೆ ಕೂತು ಹೇಳುವ ನಮ್ಮವರಿಗೆ ಮಾತ್ರ ತಾವು ಹಿತೈಷಿಗಳು ಅಂತಲೇ ಅನಿಸುತ್ತೆ.

ಹೀಗಾಗಿ ಆ ಮಾತನ್ನು ತೆಗೆದದ್ದು ಸರಿ ಅಥವಾ ತಪ್ಪು ಅಂತ ವಾದ ಮಾಡೋಕೆ ನನಗೆ ಅಷ್ಟು ಉತ್ಸಾಹ ಇಲ್ಲ. ಕೇಳಿದವರಿಗೆ ನೋವಾಯಿತು, ತೆಗೆದರು, ಆಯಿತು. ಆದರೆ ಅವತ್ತು ಮಲಯಾಳಿಗಳನ್ನು ಬೈದು ಸ್ಟೇಟಸ್ ಹಾಕಿದವರಲ್ಲಿ ನಮ್ಮ ಸಂಬಂಧಿಕರ ಒಬ್ಬ ಹುಡುಗನೂ ಇದ್ದ. ಅವನ ಮನೆಯವರು ಹುಡುಗಿ ಹುಡುಕುವಾಗ ಹಾಕಿದ ಕಂಡೀಷನ್ ಏನು ಗೊತ್ತಾ? ಬೆಂಗಳೂರಿನಲ್ಲಿ ಕೆಲಸ ಮಾಡಿದವಳು ಬೇಡ.

ಇಲ್ಲಿ ನಮ್ಮದೇ ಒಂದು ಹಳೇ ಕಥೆ ಹೇಳಬೇಕು. 1990ರ ದಶಕದಲ್ಲಿ ಬೆಂಗಳೂರಿನ ಓಣಿಗಳಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿರುತ್ತಿದ್ದರು. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಬಾಗಿಲು ಬಡಿಯುತ್ತೆ, ಮನೆಯವರ ದನಿಯಲ್ಲೇ ಕರೆಯುತ್ತೆ, ತೆಗೆದರೆ ಕಥೆ ಮುಗೀತು. ಬಾಗಿಲ ಮೇಲೆ ಬರೆದದ್ದನ್ನು ಓದಿ ವಾಪಸ್ ಹೋಗುತ್ತೆ, ಮರುದಿನ ಮತ್ತೆ ಬಂದು ಮತ್ತೆ ಅದನ್ನೇ ಓದುತ್ತೆ. ಎಷ್ಟು ಒಳ್ಳೆಯ ಲಾಜಿಕ್ ನೋಡಿ, ಎಂದೂ ಮುಗಿಯದ ಲೂಪ್. ದೆವ್ವಕ್ಕೆ ಕನ್ನಡ ಓದೋಕೆ ಬರುತ್ತಿತ್ತು ಅನ್ನೋದು ಇನ್ನೊಂದು ಸಮಾಧಾನ.

ಈ ಕಥೆ ಎಲ್ಲಿಗೆ ಹೋಯಿತು ಗೊತ್ತಲ್ಲ? ಹಿಂದಿಗೆ. ರಾಜ್ ಮತ್ತು ಡಿಕೆ ಬರೆದು ಅಮರ್ ಕೌಶಿಕ್ ನಿರ್ದೇಶಿಸಿದ 2018ರ ‘ಸ್ತ್ರೀ’ಯ ಬೀಜ ನಮ್ಮ ‘ನಾಳೆ ಬಾ’. ಗೋಡೆ ಮೇಲಿನ ಬರಹ ಹಿಂದಿಯಾಯಿತು, ಊರು ಮಧ್ಯಪ್ರದೇಶದ ಚಂದೇರಿ ಆಯಿತು. ಮುಂದೆ ಅದೇ ಒಂದು ಸರಣಿ ಲೋಕವಾಗಿ ಬೆಳೆಯಿತು, 2024ರ ಆಗಸ್ಟ್ 15ಕ್ಕೆ ಬಂದ ‘ಸ್ತ್ರೀ 2’ ಆ ವರ್ಷದ ಅತಿ ದೊಡ್ಡ ಹಿಂದಿ ಹಿಟ್‌ಗಳಲ್ಲಿ ಒಂದು. ‘ಸ್ತ್ರೀ’ಯಲ್ಲೂ ತಿರುವು ಹೆಚ್ಚುಕಡಿಮೆ ‘ಲೋಕಾ’ದ್ದೇ: ಅವಳು ದೆವ್ವವಾಗೋಕೆ ಮೊದಲು ಊರು ಅವಳಿಗೆ ಏನು ಮಾಡಿತ್ತು ಅಂತ ಕೇಳುವುದು. ನಮ್ಮ ಬಾಗಿಲ ಮೇಲಿದ್ದ ಕಥೆ, ನಮ್ಮ ಊರಿನ ರಾತ್ರಿ. ಒಂದನ್ನು ಹಿಂದಿಯವರು ತಗೊಂಡರು, ಇನ್ನೊಂದನ್ನು ಮಲಯಾಳಿಗಳು. ಕದ್ದರು ಅಂತ ನಾನು ಹೇಳಲ್ಲ, ಜಾನಪದಕ್ಕೆ ಕಾಪಿರೈಟ್ ಇಲ್ಲ. ನಮ್ಮವರು ‘ಕಾಂತಾರ’ದಲ್ಲಿ ಕರಾವಳಿಯ ದೈವವನ್ನು ತಂದು ದೇಶವನ್ನೇ ಕೂರಿಸಿದ್ದನ್ನೂ ಮರೆತಿಲ್ಲ. ಆದರೆ ಅಲ್ಲಿ ಶಕ್ತಿ ಮೈಮೇಲೆ ಬರೋದು ಗಂಡಸಿಗೆ. ಬಾಗಿಲು ಬಡಿಯುವ ಹೆಣ್ಣನ್ನು ಒಳಗೆ ಕರೆದು, ಕೂರಿಸಿ, ನೀರು ಕೊಟ್ಟು, ಏನವ್ವಾ ನಿನ್ನ ಕಥೆ ಅಂತ ಕೇಳುವ ಅಂಥ ದೊಡ್ಡ ಕನ್ನಡ ಸಿನಿಮಾ ಬಂದರೆ ಮೊದಲ ದಿನದ ಮೊದಲ ಶೋಗೆ ನಾನು ಹಾಜರ್.

ಭಾಷೆಯ ವಿಷಯ ಹೇಳದೆ ಇದ್ದರೆ ಬೀದರಿನವನಾಗಿ ನನಗೆ ಊಟ ಇಳಿಯಲ್ಲ. ನನ್ನ ಬಾಲ್ಯದ ಸೂಪರ್‌ಹೀರೋ ದೂರದರ್ಶನದ ಶಕ್ತಿಮಾನ್, ಹಿಂದಿ. 2019ರಲ್ಲಿ ‘ಎಂಡ್‌ಗೇಮ್’ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ನಮ್ಮ ಹುಡುಗರ ಗುಂಪು ಅರ್ಧ ಹಿಂದಿಯಲ್ಲಿ ನೋಡಿತು, ಅರ್ಧ ಹೈದರಾಬಾದಿಗೆ ಹೋಗಿ ತೆಲುಗಿನಲ್ಲಿ ನೋಡಿತು. ಕನ್ನಡದಲ್ಲಿ ನೋಡಬೇಕು ಅಂದರೆ ಇರಲೇ ಇಲ್ಲ. ಡಬ್ಬಿಂಗ್ ಬಂದರೆ ಕನ್ನಡ ಚಿತ್ರರಂಗಕ್ಕೆ ಪೆಟ್ಟು ಅಂತ ದಶಕಗಟ್ಟಲೆ ತಡೆದಿದ್ದರು, 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆ ತಪ್ಪು ಅಂತ ಆದೇಶ ಕೊಟ್ಟ ಮೇಲೂ ದೊಡ್ಡ ಸಿನಿಮಾಗಳು ಕನ್ನಡಕ್ಕೆ ಬರೋಕೆ ವರ್ಷಗಳೇ ಹಿಡಿದವು. ಬೆಂಗಳೂರಿನಲ್ಲಿ ಕೂತವರಿಗೆ ಇದು ಕನ್ನಡ ಉಳಿಸುವ ಕೆಲಸ ಅನಿಸಿರಬಹುದು. ಗಡಿಯಲ್ಲಿ ಇದರ ಅರ್ಥ ಬೇರೆ. ಮೂರು ಕಡೆ ಬೇರೆ ಭಾಷೆ ಇರೋ ಊರಿನಲ್ಲಿ ಮಗು ಹೀರೋ ಯಾವ ಭಾಷೆ ಆಡ್ತಾನೋ ಆ ಭಾಷೆ ಕಲಿಯುತ್ತೆ. ‘ಲೋಕಾ’ 2025ರ ಅಕ್ಟೋಬರ್ 31ರಂದು ಜಿಯೋಹಾಟ್‌ಸ್ಟಾರ್‌ಗೆ ಬಂದಾಗ ಕನ್ನಡದ ದನಿಯೂ ಜೊತೆಗೆ ಬಂತು. ಬೆಂಗಳೂರಿನಲ್ಲಿ ನಡೆಯುವ ಕಥೆ ಕೊನೆಗೂ ಬೆಂಗಳೂರಿನ ಭಾಷೆಯಲ್ಲಿ, ಅದೂ ಫೋನಿನಲ್ಲಿ.

ಅದರಿಂದಲೇ ದೀಪಾವಳಿಯ ನಂತರ ಊರಿಗೆ ಹೋದಾಗ ಅವ್ವನಿಗೆ ತೋರಿಸೋಕಾಯಿತು. ಅವ್ವ, ತಂಗಿ, ನಾನು, ಪಡಸಾಲೆಯಲ್ಲಿ ಟಿವಿಗೆ ಹಾಕಿಕೊಂಡು ನೋಡಿದೆವು. ಅವ್ವನಿಗೆ ಹಾರೋದು, ಹೊಡೆಯೋದು ಅಷ್ಟೇನೂ ಹಿಡಿಸಲಿಲ್ಲ. ‘ಹಾರೋದ ಹನಮಪ್ಪಂದ ನೋಡೀವಿ ಬಿಡು’ ಅಂದಳು. ಆದರೆ ಚಂದ್ರ ಕೆಫೆಯಿಂದ ರಾತ್ರಿ ಒಬ್ಬಳೇ ನಡೆದು ಬರುವಾಗೆಲ್ಲ ಅವ್ವ ತಂಗಿ ಕಡೆ ನೋಡುತ್ತಿದ್ದಳು.

‘ನಿನ್ನ ಗಾಡಿ ಬಾಗಿಲತನಕ ಬರ್ತದಲ?’

‘ಬರ್ತದ ಅವ್ವಾ. ಡ್ರೈವರನ ಜೋಡಿ ಗಾರ್ಡ್ ಸೈತ ಇರ್ತಾನ.’

‘ಕಡೀಗಿ ಇಳಿಯೋಕಿ ನೀನೇ ಏನು?’

‘ಒಮ್ಮೊಮ್ಮೆ.’

ಅವ್ವ ಮುಂದೆ ಕೇಳಲಿಲ್ಲ. ಇನ್‌ಸ್ಪೆಕ್ಟರ್ ಬಂದ, ಅವನ ದೃಶ್ಯಗಳು ಹೋದವು. ತೆಗೆದುಹಾಕಿದ ಮಾತಿನ ಕಥೆಯನ್ನು ನಾನು ಅವರಿಗೆ ಹೇಳಿದೆ: ಇಂಥಾದ್ದೊಂದು ಮಾತಿತ್ತು, ಗಲಾಟೆ ಆಯಿತು, ಕ್ಷಮೆ ಕೇಳಿದರು. ತಂಗಿ ಜೋಳದ ರೊಟ್ಟಿ ಮುರಿಯುತ್ತಾ ಕೇಳಿದಳು:

‘ಯಾಕ ತಗದ್ರು? ಇರ್ಲಿ ಬಿಡಬೇಕಿತ್ತು. ಹಂಗ ಅಂದಾವ ಕಡೀಗಿ ಹ್ಯಾಂಗ ಹೊಡ್ತ ತಿಂತಾನ ಅಂತ ನೋಡಿದ್ರ ಮಂದೀಗಿ ಬುದ್ಧಿ ಬರ್ತಿತ್ತು. ಈಗ ನೋಡು, ಅವ ಯಾಕ ಹೊಡ್ತ ತಿಂದ ಅಂತನೇ ಗೊತ್ತಾಗಲ್ಲ.’

ಸಿನಿಮಾದವರು, ಸಂಘಟನೆಯವರು, ಪತ್ರಿಕೆಯವರು ಅಷ್ಟೆಲ್ಲ ಬರೆದರಲ್ಲ, ಇಷ್ಟು ಸೀದಾ ಮಾತು ನಾನು ಎಲ್ಲೂ ಓದಿರಲಿಲ್ಲ. ಅವಳ ಮಾತನ್ನು ನಾನು ಪೂರ್ತಿ ಒಪ್ಪಲ್ಲ. ಥಿಯೇಟರಿನಲ್ಲಿ ಆ ಮಾತಿಗೆ ಶಿಳ್ಳೆ ಹೊಡೆಯುವವರೂ ಇರ್ತಾರೆ, ಅವರು ಕ್ಲೈಮ್ಯಾಕ್ಸಿನವರೆಗೆ ನೆನಪಿಟ್ಟುಕೊಳ್ಳಲ್ಲ. ಇದನ್ನು ಹೇಳಿದೆ. ‘ಶಿಳ್ಳಿ ಹೊಡ್ಯೋರ ಸಲಾಕ ಸಿನಿಮಾ ತಗೀತಾರೇನು?’ ಅಂದಳು. ಉತ್ತರ ಕೊಡೋಕೆ ಮುಂಚೆ ಅವಳ ಲ್ಯಾಪ್‌ಟಾಪಿನಲ್ಲಿ ಕಾಲ್ ಬಂತು, ಎದ್ದು ಹೋದಳು.

‘ಲೋಕಾ’ದ ಎರಡನೇ ಭಾಗ ಘೋಷಣೆಯಾಗಿದೆ, ಈ ಸಲ ಕಥೆ ಟೊವಿನೋ ಥಾಮಸ್ ಅವರ ಚಾತನ್ ಸುತ್ತ. ಬೆಂಗಳೂರು ಇರುತ್ತೋ ಇಲ್ಲವೋ, ನಮ್ಮ ಹೆಸರುಗಳನ್ನು ಸರಿಯಾಗಿ ಇಡುತ್ತಾರೋ ನೋಡೋಣ.

ಬಯೋಡಾಟಾವನ್ನು ಮಾತ್ರ ಆ ರಾತ್ರಿಯೇ ತಂಗಿ ತಾನೇ ಕೂತು ತಿದ್ದಿದಳು. ಕಾಕಾ ತೆಗೆಸಿದ್ದ ಸಾಲು ವಾಪಸ್ ಬಂದಿದೆ: ‘ಕೆಲಸದ ವೇಳೆ: ರಾತ್ರಿ 7ರಿಂದ ಬೆಳಗಿನ 3.30’. ಅದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದಾಳೆ. ಆಮೇಲೆ ಫೋನುಗಳು ಕಡಿಮೆ ಆದವು ಅಂತ ಅವ್ವನಿಗೆ ಚಿಂತೆ. ಹೋದ ತಿಂಗಳು ಔರಾದ ಕಡೆಯ ಒಬ್ಬ ಹುಡುಗ ತಾನೇ ಮೆಸೇಜ್ ಮಾಡಿದ್ದ. ಮಾತಾಡಬೇಕು, ಮಧ್ಯಾಹ್ನ ಎಷ್ಟು ಹೊತ್ತಿಗೆ ಏಳ್ತೀರಿ ಅಂತ ಕೇಳಿದ್ದಾನೆ.